ಕಾಫಿ ಗೋದಾಮಿಗೆ ವರ್ಕ್‌ಫ್ಲೋ ಎಡಿಟರ್: ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ಸರ್, ಕೊಡಗಿನ ಗೋಣಿಕೊಪ್ಪದಲ್ಲಿ ಕಾಫಿ, ಕರಿಮೆಣಸು ಖರೀದಿ ಮಾಡುವವರೊಬ್ಬರಿಗೆ ನಾನು ವೆಬ್ ಅಪ್ಲಿಕೇಶನ್ ಮಾಡಿಕೊಟ್ಟಿದ್ದೇನೆ. ಮಾಲು ಬರುವುದು, ತೂಕ, ತೇವಾಂಶ, ಔಟ್‌ಟರ್ನ್, ಮ್ಯಾನೇಜರ್ ಒಪ್ಪಿಗೆ, ಹಣ ಪಾವತಿ, ಈ ಹಂತಗಳೆಲ್ಲ ಕೋಡ್‌ನಲ್ಲೇ ಇವೆ. ಪ್ರತಿ ಸೀಸನ್‌ನಲ್ಲೂ ನಿಯಮ ಬದಲಾಗುತ್ತದೆ, ಪ್ರತಿ ಸಲವೂ ನನಗೇ ಫೋನ್ ಬರುತ್ತದೆ. ಅವರೇ ಪರದೆ ಮೇಲೆ ಪೆಟ್ಟಿಗೆ ಇಟ್ಟು, ಬಾಣ ಎಳೆದು ಹಂತ ಬದಲಾಯಿಸುವ ಹಾಗೆ ಒಂದು ಎಡಿಟರ್ ಮಾಡಬೇಕು ಅಂತಿದ್ದೇನೆ. ವೆಬ್ ಪರದೆ ಕಟ್ಟುವ ರಿಯಾಕ್ಟ್ ಚೆನ್ನಾಗಿ ಗೊತ್ತು. ನಾನು ಒಬ್ಬನೇ. ಈ ಮಳೆಗಾಲದಲ್ಲಿ ಶುರು ಮಾಡಿದರೆ ಕೊಯ್ಲಿಗೆ ಮುಗಿಯುತ್ತಾ? ಲೈಬ್ರರಿ ಬಳಸಲಾ, ನಾನೇ ಬರೆಯಲಾ?

ಉತ್ತರ: ನಮಸ್ಕಾರ. ಆಗುತ್ತದೆ, ಒಬ್ಬರೇ ಮಾಡಬಹುದು. ಆದರೆ ನೀವು ಹಿಡಿದಿರುವ ತುದಿ ಬೇರೆ, ನಾನು ಹಿಡಿಯಿರಿ ಅನ್ನುವ ತುದಿ ಬೇರೆ. ನಿಮ್ಮ ಪ್ರಶ್ನೆಯಲ್ಲಿ ಪೆಟ್ಟಿಗೆ ಇದೆ, ಬಾಣ ಇದೆ, ಲೈಬ್ರರಿ ಇದೆ. ಆ ಬಾಣದ ದಾರಿಯಲ್ಲಿ ಸಾಗಬೇಕಾದ ಲಾಟ್, ಅಂದರೆ ಬೆಳೆಗಾರರು ಒಂದು ಸಲಕ್ಕೆ ತಂದ ಮಾಲು, ಅದು ಮಾತ್ರ ಇಲ್ಲ.

ಮೊದಲ ಸಲ ನಾನೂ ಹೀಗೇ ಶುರು ಮಾಡಿದ್ದೆ. ಕೆಲವು ವರ್ಷಗಳ ಹಿಂದೆ ಇದೇ ಜಿಲ್ಲೆಯ ಒಂದು ಖರೀದಿ ಸಂಸ್ಥೆಗೆ ಇಂಥದ್ದೇ ಎಡಿಟರ್ ಕಟ್ಟಿದೆ. ಝೂಮ್, ಬಣ್ಣ, ಮೂಲೆಯಲ್ಲೊಂದು ಪುಟ್ಟ ನಕಾಶೆ, ನಯವಾಗಿ ಬಾಗುವ ಬಾಣ, ಇದಕ್ಕೇ ಮೂರು ತಿಂಗಳು ಹೋಯಿತು. ಅದರ ಹಿಂದೆ ಕೆಲಸ ನಡೆಸುವ ಎಂಜಿನ್ನನ್ನು ಕೊನೆಯ ಎರಡು ವಾರದಲ್ಲಿ ಬರೆದೆ. ಸೀಸನ್ ಜೋರಾಗಿದ್ದಾಗ ಒಂದು ಮಧ್ಯಾಹ್ನ ಮ್ಯಾನೇಜರ್ ಒಂದು ಹಂತವನ್ನು ತೆಗೆದು ಬಾಣವನ್ನು ಬೇರೆ ಕಡೆ ಜೋಡಿಸಿದರು. ಆ ಹೊತ್ತಿಗೆ ಆ ಹಂತದಲ್ಲೇ ನಿಂತಿದ್ದ ಲಾಟ್‌ಗಳಿಗೆ ಮುಂದಿನ ದಾರಿ ಇಲ್ಲದಂತಾಯಿತು. ಪಟ್ಟಿಯಿಂದಲೇ ಮಾಯ. ಬೆಳೆಗಾರರು ಕೌಂಟರ್ ಮುಂದೆ ನಿಂತಿದ್ದರು, ಕೈಯಲ್ಲಿ ತೂಕದ ಚೀಟಿ ಇತ್ತು, ಕಂಪ್ಯೂಟರ್‌ನಲ್ಲಿ ಅವರ ಮಾಲೇ ಇರಲಿಲ್ಲ. ತಪ್ಪು ಮ್ಯಾನೇಜರದಲ್ಲ. ಹಾಗೆ ಮಾಡಲು ಬಿಟ್ಟ ನನ್ನದು. ಅವತ್ತು ಒಂದೊಂದೇ ಲಾಟನ್ನು ಡೇಟಾಬೇಸ್‌ಗೆ ಇಳಿದು ಕೈಯಿಂದ ಸರಿಪಡಿಸುವಾಗ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಒಂದು ಕಾಗದ ತೆಗೆದುಕೊಳ್ಳಿ. ನಿಮ್ಮ ಗೋದಾಮಿನ ದಾರಿ ಬರೆಯಿರಿ. ಮಾಲು ಬಂತು, ತೂಕ ಆಯಿತು, ತೇವಾಂಶ ನೋಡಿದರು. ಜಾಸ್ತಿ ಇದ್ದರೆ? ಬೆಳೆಗಾರರು ಮಾಲನ್ನು ವಾಪಸ್ ಕಣಕ್ಕೆ ಒಯ್ದು, ಒಣಗಿಸಿ ಮತ್ತೆ ತರುತ್ತಾರೆ. ಆಗ ಬಾಣ ಹಿಂದಕ್ಕೆ ಹೋಗುತ್ತದೆ, ಅಲ್ವಾ? ಇಲ್ಲೇ ನಿಮ್ಮ ಎಡಿಟರ್ ಬೇರೆ ಎಷ್ಟೋ ಎಡಿಟರ್‌ಗಳಿಂದ ಬೇರೆಯಾಗುತ್ತದೆ. ಡೇಟಾವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಎಡಿಟರ್‌ಗಳಲ್ಲಿ ಸುತ್ತು ಬರುವ ಬಾಣವನ್ನೇ ಬಿಡದಿರುವುದು ವಾಡಿಕೆ. ನೀವು ಅದನ್ನು ನಿಷೇಧಿಸಲು ಬರುವುದಿಲ್ಲ. ಕಾಫಿ ಒಣಗಲೇಬೇಕು.

ಹಾಗಂತ ಎಲ್ಲ ಸುತ್ತುಗಳನ್ನೂ ಬಿಟ್ಟರೆ ಇನ್ನೊಂದು ಅಪಾಯ. ಬರೀ ಲೆಕ್ಕ ಮತ್ತು ಷರತ್ತಿನ ಪೆಟ್ಟಿಗೆಗಳೇ ಸೇರಿ ಒಂದು ಸುತ್ತು ಆಗಿಬಿಟ್ಟರೆ ಎಂಜಿನ್ ನಿಲ್ಲದೆ ಸುತ್ತುತ್ತಲೇ ಇರುತ್ತದೆ. ನಾನು ಇಟ್ಟುಕೊಂಡಿರುವ ನಿಯಮ ಇದು: ಪ್ರತಿ ಸುತ್ತಿನಲ್ಲೂ ಒಬ್ಬ ಮನುಷ್ಯ ಮಾಡುವ ಹಂತವೋ, ಕಾಯುವ ಹಂತವೋ ಇರಲೇಬೇಕು. ಪರೀಕ್ಷಿಸುವುದು ಕಷ್ಟವಲ್ಲ. ಮನುಷ್ಯರ ಹಂತಗಳನ್ನೂ ಕಾಯುವ ಹಂತಗಳನ್ನೂ ತಾತ್ಕಾಲಿಕವಾಗಿ ತೆಗೆದುಹಾಕಿ. ಉಳಿದ ಪೆಟ್ಟಿಗೆಗಳಲ್ಲಿ ಒಳಗೆ ಬರುವ ಬಾಣ ಒಂದೂ ಇಲ್ಲದ್ದನ್ನು ಹುಡುಕಿ ತೆಗೆಯಿರಿ. ಅದರಿಂದ ಹೊರಟ ಬಾಣಗಳೂ ಹೋಗುತ್ತವೆ. ಮತ್ತೆ ಹುಡುಕಿ, ಮತ್ತೆ ತೆಗೆಯಿರಿ. ಕೊನೆಗೆ ಏನೂ ಉಳಿಯದಿದ್ದರೆ ಸರಿ. ಉಳಿದರೆ ಅಲ್ಲೊಂದು ಕೆಟ್ಟ ಸುತ್ತು ಇದೆ. ಆರ್ಥರ್ ಕಾನ್ 1962ರಲ್ಲಿ ಪ್ರಕಟಿಸಿದ ವಿಧಾನ ಇದು. ಇಪ್ಪತ್ತು ಮೂವತ್ತು ಸಾಲಿನ ಕೋಡ್ ಸಾಕು.

ಮುಂದಿನ ಪ್ರಶ್ನೆ ಇದಕ್ಕಿಂತ ಮುಖ್ಯ. ಒಂದು ಪೆಟ್ಟಿಗೆಯಿಂದ ಎರಡು ಬಾಣ ಹೊರಟರೆ ಏನರ್ಥ? ಎರಡೂ ಕಡೆ ಹೋಗಬೇಕಾ, ಯಾವುದಾದರೂ ಒಂದು ಕಡೆಯಾ? ಬರೆಯುವವರ ಮನಸ್ಸಿನಲ್ಲಿ ಒಂದು ಇರುತ್ತದೆ, ಎಂಜಿನ್ ಇನ್ನೊಂದು ಮಾಡುತ್ತದೆ. ವ್ಯವಹಾರದ ಹಂತಗಳನ್ನು ಚಿತ್ರದಲ್ಲಿ ಬರೆಯಲು ಬಿಪಿಎಂಎನ್ ಎಂಬ ಒಂದು ಮಾನಕ ಇದೆ. ಅದರ 2.0 ಆವೃತ್ತಿಯನ್ನು ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ 2011ರಲ್ಲಿ ಹೊರತಂದಿತು. ಅಲ್ಲಿ ಇದಕ್ಕೆಂದೇ ಬೇರೆ ಬೇರೆ ವಜ್ರಾಕೃತಿಗಳಿವೆ. ಗುಣಾಕಾರದ ಗುರುತಿದ್ದರೆ ಒಂದೇ ದಾರಿ, ಕೂಡುವ ಗುರುತಿದ್ದರೆ ಎಲ್ಲ ದಾರಿಯೂ. ನೀವು ಆ ಮಾನಕವನ್ನು ಓದಿ, ಅದರಿಂದ ಕಲಿಯಿರಿ. ಆದರೆ ಅದರ ಎಲ್ಲ ಗುರುತುಗಳನ್ನೂ ಗೋದಾಮಿನ ಮ್ಯಾನೇಜರ್ ಮುಂದೆ ಇಡಬೇಡಿ. ನಿಮಗೆ ಏಳು ಬಗೆಯ ಪೆಟ್ಟಿಗೆ ಸಾಕು: ಶುರು, ಫಾರಂ ತುಂಬುವುದು, ಒಪ್ಪಿಗೆ, ಷರತ್ತು, ಲೆಕ್ಕ, ಕಾಯುವುದು, ಮುಕ್ತಾಯ. ಮೊದಲ ವರ್ಷ ಒಂದೇ ಸಲ ಎರಡು ದಾರಿಯಲ್ಲಿ ಹೋಗುವುದನ್ನು ಕೊಡಲೇಬೇಡಿ. ಷರತ್ತಿನ ಪೆಟ್ಟಿಗೆಗೆ ಮಾತ್ರ ಒಂದಕ್ಕಿಂತ ಹೆಚ್ಚು ದಾರಿ. ಅದರಲ್ಲೂ 'ಇದ್ಯಾವುದೂ ಅಲ್ಲದಿದ್ದರೆ' ಎನ್ನುವ ದಾರಿ ಕಡ್ಡಾಯ. ಆ ದಾರಿ ಜೋಡಿಸದೆ ಜಾರಿ ಮಾಡಲು ಬಿಡಬೇಡಿ.

ಈಗ ಡೇಟಾದ ಆಕಾರಕ್ಕೆ ಬರೋಣ. ಒಂದು ಜೇಸನ್, ಅಂದರೆ ಡೇಟಾವನ್ನು ಅಕ್ಷರದಲ್ಲಿ ಬರೆದಿಡುವ ಸರಳ ರೂಪ, ಸಾಕು. ಅದರಲ್ಲಿ ಹಂತಗಳ ಪಟ್ಟಿ, ಬಾಣಗಳ ಪಟ್ಟಿ. ಪ್ರತಿ ಹಂತಕ್ಕೂ ಒಂದು ಐಡಿ, ಒಂದು ಬಗೆ, ಅದರ ಸೆಟ್ಟಿಂಗ್. ಬಾಣಕ್ಕೆ ಎಲ್ಲಿಂದ, ಯಾವ ಬಾಗಿಲಿನಿಂದ, ಎಲ್ಲಿಗೆ. ಹಂತದ ಹೆಸರನ್ನೇ ಐಡಿ ಮಾಡಬೇಡಿ. 'ತೇವಾಂಶ ಪರೀಕ್ಷೆ' ಇದ್ದದ್ದು ನಾಳೆ 'ತೇವ ನೋಡುವುದು' ಆಗುತ್ತದೆ, ಹಳೆಯ ಲಾಟ್‌ಗಳ ಕೊಂಡಿ ತಪ್ಪುತ್ತದೆ. ಪೆಟ್ಟಿಗೆ ಪರದೆಯ ಯಾವ ಜಾಗದಲ್ಲಿದೆ ಎನ್ನುವ ಅಳತೆಯನ್ನು ಇದರ ಒಳಗೆ ಸೇರಿಸಬೇಡಿ, ಪಕ್ಕದಲ್ಲಿ ಬೇರೆ ಇಡಿ. ಯಾರೋ ಪೆಟ್ಟಿಗೆಯನ್ನು ಎರಡು ಬೆರಳು ಬಲಕ್ಕೆ ಸರಿಸಿದರೆ ಕೆಲಸದ ನಿಯಮ ಬದಲಾಗಿಲ್ಲ. ಅಳತೆ ಒಳಗಿದ್ದರೆ ಅದಕ್ಕೂ ಹೊಸ ಆವೃತ್ತಿ ಹುಟ್ಟುತ್ತದೆ. ಆಮೇಲೆ ಎರಡು ಆವೃತ್ತಿಗಳ ನಡುವೆ ನಿಜವಾಗಿ ಏನು ಬದಲಾಯಿತು ಅಂತ ಹುಡುಕುವುದು ಕಷ್ಟ.

ಆವೃತ್ತಿಯ ವಿಷಯ. ಇದೊಂದನ್ನು ದಯವಿಟ್ಟು ಮೊದಲ ದಿನದಿಂದಲೇ ಮಾಡಿ. ಕರಡು ಬೇರೆ, ಜಾರಿಯಲ್ಲಿರುವುದು ಬೇರೆ. ಮ್ಯಾನೇಜರ್ ಏನು ಬದಲಾಯಿಸಿದರೂ ಕರಡಿನಲ್ಲಿ ಮಾತ್ರ. 'ಜಾರಿ ಮಾಡು' ಒತ್ತಿದಾಗ ಅದು ಹೊಸ ನಂಬರಿನ ಆವೃತ್ತಿ ಆಗುತ್ತದೆ. ಆಮೇಲೆ ಅದನ್ನು ಯಾರೂ ಮುಟ್ಟುವಂತಿಲ್ಲ, ನೀವೂ ಸೇರಿ. ಲಾಟ್ ಒಳಗೆ ಬಂದಾಗ ಯಾವ ಆವೃತ್ತಿ ಜಾರಿಯಲ್ಲಿತ್ತೋ ಆ ನಂಬರ್ ಲಾಟ್‌ಗೆ ಅಂಟಿಕೊಳ್ಳುತ್ತದೆ, ಮುಗಿಯುವವರೆಗೂ ಅದರಲ್ಲೇ ಸಾಗುತ್ತದೆ. ನಡುವಿನಲ್ಲಿರುವ ಲಾಟನ್ನು ಹೊಸದಕ್ಕೆ ಸೇರಿಸಲೇಬೇಕಾದರೆ, ಅದು ಬೇರೆಯೇ ಒಂದು ಕೆಲಸ. ಹಳೆಯ ಯಾವ ಹಂತ ಹೊಸ ಯಾವ ಹಂತಕ್ಕೆ ಅಂತ ಒಬ್ಬರು ಕೂತು ಆರಿಸಬೇಕು. ಇಷ್ಟಿದ್ದಿದ್ದರೆ ನಾನು ಮೇಲೆ ಹೇಳಿದ ಮಧ್ಯಾಹ್ನ ನಡೆಯುತ್ತಲೇ ಇರಲಿಲ್ಲ.

ಎಂಜಿನ್ ಅಂದರೆ ದೊಡ್ಡದೇನೋ ಅಂದುಕೊಳ್ಳಬೇಡಿ. ನಿಮ್ಮ ಗಾತ್ರಕ್ಕೆ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಮೂರು ಟೇಬಲ್ ಸಾಕು. ಒಂದರಲ್ಲಿ ಲಾಟ್, ಅದರ ಆವೃತ್ತಿ, ಈಗಿರುವ ಹಂತ. ಇನ್ನೊಂದರಲ್ಲಿ ನಡೆದದ್ದರ ದಾಖಲೆ: ಯಾರು, ಯಾವಾಗ, ಯಾವ ಹಂತದಿಂದ ಯಾವ ಹಂತಕ್ಕೆ, ಯಾವ ಅಂಕಿ ನೋಡಿ. ಇದಕ್ಕೆ ಸೇರಿಸುವುದು ಮಾತ್ರ, ಅಳಿಸುವುದಿಲ್ಲ. ಬೆಳೆಗಾರರು ಬಂದು 'ನನ್ನ ಮಾಲನ್ನು ಯಾಕೆ ವಾಪಸ್ ಕಳಿಸಿದಿರಿ' ಅಂದರೆ ಈ ಟೇಬಲ್ಲೇ ಉತ್ತರ ಕೊಡಬೇಕು. ಮೂರನೆಯದರಲ್ಲಿ ಬಾಕಿ ಕೆಲಸ. ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ ಅದರಿಂದ ಒಂದೊಂದೇ ಸಾಲನ್ನು ಎತ್ತಿಕೊಳ್ಳುತ್ತದೆ. ಎರಡು ಪ್ರೋಗ್ರಾಂ ಒಂದೇ ಸಾಲನ್ನು ಎತ್ತದಿರಲು ಪೋಸ್ಟ್‌ಗ್ರೆಸ್‌ನ 9.5ನೇ ಆವೃತ್ತಿಯಿಂದಲೇ 'ಸ್ಕಿಪ್ ಲಾಕ್ಡ್' ಎಂಬ ಸೌಕರ್ಯ ಇದೆ. ಟೆಂಪೊರಲ್, ಕ್ಯಾಮುಂಡಾ ಥರದ ದೊಡ್ಡ ಎಂಜಿನ್‌ಗಳು ಒಳ್ಳೆಯವೇ. ಒಂದು ಗೋದಾಮಿಗಾಗಿ ಅವನ್ನು ನಡೆಸಿಕೊಂಡು ಹೋಗುವ ಹೊರೆ ನಿಮಗೆ ಬೇಡ.

ಹಣದ ಹಂತದಲ್ಲಿ ಮಾತ್ರ ನಿಧಾನವಾಗಿ ಯೋಚಿಸಿ. ಪಾವತಿಯ ಸಂದೇಶ ಹೊರಗೆ ಹೋಯಿತು, 'ಹೋಯಿತು' ಅಂತ ಬರೆದುಕೊಳ್ಳುವ ಮೊದಲೇ ಕರೆಂಟ್ ಹೋಯಿತು. ವಾಪಸ್ ಬಂದಾಗ ಎಂಜಿನ್ ಏನು ಮಾಡುತ್ತದೆ? ಮತ್ತೆ ಕಳಿಸುತ್ತದೆ. ಅದಕ್ಕಾಗಿ ಪ್ರತಿ ಪಾವತಿಗೂ ಬದಲಾಗದ ಒಂದು ಗುರುತು ಬೇಕು. ಲಾಟ್‌ನ ಐಡಿ, ಹಂತದ ಐಡಿ, ಆ ಹಂತಕ್ಕೆ ಇದು ಎಷ್ಟನೇ ಭೇಟಿ, ಈ ಮೂರನ್ನು ಸೇರಿಸಿ ಗುರುತು ಮಾಡಿ. ಮೂರನೆಯದು ಯಾಕೆ ಅಂದರೆ, ನಿಮ್ಮಲ್ಲಿ ಸುತ್ತು ಇದೆ. ಒಂದೇ ಲಾಟ್ ಒಂದೇ ಹಂತಕ್ಕೆ ನ್ಯಾಯವಾಗಿಯೇ ಎರಡನೇ ಸಲ ಬರಬಹುದು. ಇನ್ನೂ ಸುರಕ್ಷಿತ ದಾರಿ ಬೇಕಾದರೆ, ವರ್ಕ್‌ಫ್ಲೋ ತಾನೇ ಹಣ ಕಳಿಸದಿರಲಿ. ಪಾವತಿ ಪಟ್ಟಿಗೆ ಒಂದು ಸಾಲು ಸೇರಿಸಲಿ. ಆ ಗುರುತಿನ ಮೇಲೆ ಯುನೀಕ್ ನಿರ್ಬಂಧ ಇರಲಿ, ಎರಡನೇ ಸಲ ಸೇರಿಸಲು ಹೋದರೆ ಡೇಟಾಬೇಸ್ಸೇ ತಡೆಯುತ್ತದೆ. ಕಳಿಸುವ ಬಟನ್ ಒಬ್ಬ ಮನುಷ್ಯ ಒತ್ತಲಿ. ನಿಮ್ಮ ಮೊದಲ ಸೀಸನ್‌ಗೆ ಇದೇ ಸರಿ ಅಂತ ನನ್ನ ಗಟ್ಟಿ ಅಭಿಪ್ರಾಯ.

ಷರತ್ತುಗಳನ್ನು ಮ್ಯಾನೇಜರ್ ಕೈಯಲ್ಲಿ ಕೋಡ್ ಥರ ಬರೆಸಬೇಡಿ, ಬರೆದದ್ದನ್ನು ಹಾಗೇ ಕೋಡ್ ಆಗಿ ಓಡಿಸುವ 'ಇವಾಲ್'ಗೆ ಕೊಡಲೇಬೇಡಿ. ಯಾವ ಅಂಕಿ, ಹೋಲಿಕೆ ಏನು, ಮಿತಿ ಎಷ್ಟು, ಇವು ಮೂರು ಆಯ್ಕೆ ಸಾಕು. ಇಲ್ಲಿ ಜಾವಾಸ್ಕ್ರಿಪ್ಟ್‌ನ ಎರಡು ಹಳ್ಳಗಳಿವೆ, ಎಡವಿ ಬೀಳುವಂಥವು. ಫಾರಂನಿಂದ ಬರುವ ಅಂಕಿ ಸಂಖ್ಯೆಯಾಗಿ ಅಲ್ಲ, ಬರೀ ಅಕ್ಷರಗಳಾಗಿ (ಸ್ಟ್ರಿಂಗ್) ಬರುತ್ತದೆ. ಎರಡೂ ಬದಿಯಲ್ಲಿ ಸ್ಟ್ರಿಂಗ್ ಇದ್ದರೆ '9' ಎಂಬುದು '11'ಕ್ಕಿಂತ ದೊಡ್ಡದು ಅನ್ನುತ್ತದೆ, ಯಾಕೆಂದರೆ ಅದು ಮೊದಲ ಅಕ್ಷರ ನೋಡಿ ಹೋಲಿಸುತ್ತದೆ. ತೇವಾಂಶ 9 ಇರುವ ಒಳ್ಳೆಯ ಕಾಫಿ ವಾಪಸ್ ಕಣಕ್ಕೆ ಹೋಗುತ್ತದೆ. ಎರಡನೆಯದು ಇನ್ನೂ ಕೆಟ್ಟದ್ದು. ಅಳತೆಯನ್ನೇ ಹಾಕದೆ ಬಿಟ್ಟು ಅಲ್ಲಿ 'ನಲ್' (ಖಾಲಿ) ಇದ್ದರೆ, ಹೋಲಿಸುವಾಗ ಅದನ್ನು ಸೊನ್ನೆ ಅಂತ ತೆಗೆದುಕೊಳ್ಳುತ್ತದೆ. ಸೊನ್ನೆ 11ಕ್ಕಿಂತ ಕಡಿಮೆ. ತೇವಾಂಶ ನೋಡದ ಮಾಲು ಪಾಸ್ ಆಗುತ್ತದೆ! ಆದ್ದರಿಂದ ಹೋಲಿಸುವ ಮೊದಲು ಅಂಕಿಯೇ ಹೌದಾ ಅಂತ ನೋಡಿ. ಇಲ್ಲದಿದ್ದರೆ 'ಅಳತೆ ಬಾಕಿ' ಅಂತ ನಿಲ್ಲಿಸಿ.

ಬೆಲೆಯ ಲೆಕ್ಕವೂ ಹೀಗೇ. ಚೆರಿಯ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿನ, ಔಟ್‌ಟರ್ನ್ 26 ಅಂದರೆ 50 ಕೆಜಿ ಚೀಲಕ್ಕೆ 26 ಕೆಜಿ ಬೇಳೆ ಅಂತ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅದನ್ನು ದರಕ್ಕೆ ಗುಣಿಸಿದರೆ ಚೀಲದ ಬೆಲೆ. ಈ ಸೂತ್ರವನ್ನು ಮ್ಯಾನೇಜರ್ ಬದಲಾಯಿಸಬೇಕಾಗಿಲ್ಲ. ದರ ಮಾತ್ರ ದಿನವೂ ಬದಲಾಗುತ್ತದೆ. ಹಾಗಾಗಿ ಸೂತ್ರ ಕೋಡ್‌ನಲ್ಲೇ ಇರಲಿ, ದರ ಬೇರೆ ಟೇಬಲ್‌ನಲ್ಲಿರಲಿ, ಎಡಿಟರ್‌ನಲ್ಲಿ 'ಬೆಲೆ ಲೆಕ್ಕ' ಎಂಬ ಪೆಟ್ಟಿಗೆ ಮಾತ್ರ ಕಾಣಲಿ. ಹಣವನ್ನು ಪೈಸೆಯಲ್ಲಿ ಪೂರ್ಣಾಂಕವಾಗಿ ಇಟ್ಟುಕೊಳ್ಳಿ.

ಕಾಯುವ ಪೆಟ್ಟಿಗೆಯನ್ನು ಜಾವಾಸ್ಕ್ರಿಪ್ಟ್‌ನ ಟೈಮರ್ ಆದ 'ಸೆಟ್‌ಟೈಮ್‌ಔಟ್'ನಲ್ಲಿ ಮಾಡುವ ಆಸೆ ಬರುತ್ತದೆ. ಬೇಡ. ಸರ್ವರ್ ಒಮ್ಮೆ ಆಫ್ ಆಗಿ ಆನ್ ಆದರೆ ಕಾಯುವವರೇ ಇರುವುದಿಲ್ಲ. ಜೊತೆಗೆ ಸುಮಾರು 24.8 ದಿನಕ್ಕಿಂತ ಹೆಚ್ಚು ಸಮಯ ಕೊಟ್ಟರೆ ಅದರ ಲೆಕ್ಕ ತುಂಬಿ ಚೆಲ್ಲುತ್ತದೆ, ಕಾಯದೆ ತಕ್ಷಣವೇ ಓಡಿಬಿಡುತ್ತದೆ. 'ಇಂಥ ದಿನ, ಇಷ್ಟು ಹೊತ್ತಿಗೆ' ಅಂತ ಡೇಟಾಬೇಸ್‌ನಲ್ಲಿ ಬರೆದು, ನಿಮಿಷಕ್ಕೊಮ್ಮೆ ನೋಡುವ ಹಾಗೆ ಮಾಡಿ. 'ಎರಡು ಕೆಲಸದ ದಿನ' ಅಂತ ಮ್ಯಾನೇಜರ್ ಹಾಕಿದರೆ ರಜೆಗಳ ಪಟ್ಟಿ ಬೇಕು. ಆ ಪಟ್ಟಿಯನ್ನು ಎಲ್ಲಿಂದಲೋ ತರಬೇಡಿ, ಅವರೇ ತುಂಬಲಿ. ಸೆಪ್ಟೆಂಬರ್ 3ರ ಕೈಲ್ ಪೊಳ್ದ್ ಹಬ್ಬ ಬೇರೆ ಊರಿನ ಪಟ್ಟಿಯಲ್ಲಿ ಇರುವುದಿಲ್ಲ. ಪುತ್ತರಿ ಹಬ್ಬದ ದಿನ ವರ್ಷವರ್ಷಕ್ಕೂ ಬದಲಾಗುತ್ತದೆ. ಅವತ್ತು ಗೋದಾಮಿಗೆ ಯಾರು ಬರುತ್ತಾರೆ?

ಇಷ್ಟು ಆದ ಮೇಲೆ ಪರದೆ.

ನೀವೇ ಬರೆಯಬೇಡಿ. ರಿಯಾಕ್ಟ್ ಗೊತ್ತಿರುವುದರಿಂದ ರಿಯಾಕ್ಟ್ ಫ್ಲೋ ಲೈಬ್ರರಿ ತೆಗೆದುಕೊಳ್ಳಿ. ಎಂಐಟಿ ಲೈಸೆನ್ಸ್, ನಿಮ್ಮ ಅಪ್ಲಿಕೇಶನ್ ಒಳಗೆ ಇಟ್ಟು ಮಾರಲು ತೊಂದರೆ ಇಲ್ಲ. ಪೆಟ್ಟಿಗೆಗಳು ಮಾಮೂಲಿ ರಿಯಾಕ್ಟ್ ಕಾಂಪೊನೆಂಟ್, ಬಾಣಗಳು ಎಸ್‌ವಿಜಿ, ಅಂದರೆ ಬ್ರೌಸರ್ ಬರೆಯುವ ಗೆರೆಚಿತ್ರ. 12ನೇ ಆವೃತ್ತಿಯಿಂದ ಪ್ಯಾಕೇಜ್ ಹೆಸರು ಎಕ್ಸ್‌ವೈಫ್ಲೋ ಅಡಿಗೆ ಬಂದಿದೆ. ಹಳೆಯ ಪಾಠ ನೋಡಿ ಹಳೆಯ ಪ್ಯಾಕೇಜ್ ಹಾಕಿಕೊಳ್ಳಬೇಡಿ. ಮೊದಲ ದಿನ ಎಲ್ಲರೂ ಎಡವುವ ಜಾಗಗಳನ್ನು ಹೇಳಿಬಿಡುತ್ತೇನೆ. ಸುತ್ತಲಿನ ಡಿವ್‌ಗೆ (ಪುಟದ ಚೌಕಟ್ಟಿಗೆ) ಎತ್ತರ ಕೊಡದಿದ್ದರೆ ಏನೂ ಕಾಣುವುದಿಲ್ಲ. ಪೆಟ್ಟಿಗೆಯ ಬಗೆಗಳನ್ನು ಹೇಳುವ 'ನೋಡ್‌ಟೈಪ್ಸ್' ಅನ್ನು ಕಾಂಪೊನೆಂಟ್‌ನ ಹೊರಗೆ ಬರೆಯಿರಿ, ಒಳಗೆ ಬರೆದರೆ ಪ್ರತಿ ಸಲವೂ ಹೊಸದಾಗಿ ಹುಟ್ಟಿ ಪರದೆ ತೆವಳುತ್ತದೆ. ಪೆಟ್ಟಿಗೆಯೊಳಗೆ ಇನ್‌ಪುಟ್ ಇಟ್ಟರೆ ಅದಕ್ಕೆ 'ನೋಡ್ರ್ಯಾಗ್' ಕ್ಲಾಸ್ ಹಾಕಿ, ಇಲ್ಲದಿದ್ದರೆ ಅಕ್ಷರ ಆರಿಸಲು ಹೋದವರು ಪೆಟ್ಟಿಗೆಯನ್ನೇ ಎಳೆಯುತ್ತಾರೆ. ಪಕ್ಕದ ಪಟ್ಟಿಯಿಂದ ಎಳೆದು ಬಿಟ್ಟ ಪೆಟ್ಟಿಗೆ ತಪ್ಪು ಜಾಗದಲ್ಲಿ ಬೀಳುತ್ತಿದ್ದರೆ ಝೂಮ್ ಲೆಕ್ಕ ಬಿಟ್ಟಿದ್ದೀರಿ ಅಂತ ಅರ್ಥ. ಪರದೆಯ ಅಳತೆಯಿಂದ ಚಿತ್ರ ಸರಿದ ದೂರವನ್ನು ಕಳೆದು, ಝೂಮ್‌ನಿಂದ ಭಾಗಿಸಬೇಕು. ಅದಕ್ಕೆ ಲೈಬ್ರರಿಯಲ್ಲೇ ಫಂಕ್ಷನ್ ಇದೆ.

ಬೇರೆಯವು? ಬಿಪಿಎಂಎನ್‌ಗೆ ಬಿಪಿಎಂಎನ್-ಜೆಎಸ್ ಇದೆ. ಅದರ ಲೋಗೋವನ್ನು ಚಿತ್ರದ ಮೇಲೆ ಉಳಿಸಿಕೊಳ್ಳಲೇಬೇಕು ಅಂತ ಲೈಸೆನ್ಸ್ ಹೇಳುತ್ತದೆ. 2013ರಲ್ಲಿ ಐಬಿಎಂನಲ್ಲಿ ಹುಟ್ಟಿದ ನೋಡ್-ರೆಡ್, ಬರ್ಲಿನ್‌ನ ಎನ್‌ಎಯ್ಟ್‌ಎನ್, ಇವೆರಡನ್ನೂ ಇನ್‌ಸ್ಟಾಲ್ ಮಾಡಿ ಒಂದು ವಾರ ಬಳಸಿ ನೋಡಿ. ಸೆಟ್ಟಿಂಗ್ ಎಲ್ಲಿ ತೆರೆಯುತ್ತದೆ, ತಪ್ಪು ಹೇಗೆ ತೋರಿಸುತ್ತದೆ, ಓಡಿದ ದಾರಿ ಹೇಗೆ ಕಾಣುತ್ತದೆ, ಕಲಿಯುವುದು ತುಂಬಾ ಇದೆ. ಆದರೆ ಅವು ಯಂತ್ರಕ್ಕೆ ಯಂತ್ರ ಜೋಡಿಸಲು ಹುಟ್ಟಿದವು. ನಿಮ್ಮದು ಮನುಷ್ಯರ ನಡುವೆ ಚೀಟಿ ಸಾಗುವ ಕೆಲಸ. ಎನ್‌ಎಯ್ಟ್‌ಎನ್ ಲೈಸೆನ್ಸ್ ತಮ್ಮದೇ ಸಂಸ್ಥೆಯ ಒಳಗೆ ಬಳಸುವವರಿಗೆ ಅನುಕೂಲ, ನಿಮ್ಮ ಉತ್ಪನ್ನದ ಒಳಗೆ ಸೇರಿಸಿ ಮಾರಲು ಹೋದರೆ ಅಡ್ಡ ಬರುತ್ತದೆ.

ಈಗ ನೀವು ಕೇಳದ ಒಂದು ಮಾತು. ಬಾಣ ಎಳೆಯುವುದೇ ಬೇಡ ಅಂತ ನನಗೆ ಅನ್ನಿಸುತ್ತದೆ. ಗೋದಾಮಿನ ಟೇಬಲ್ ಮೇಲೆ ಹಳೆಯ ಲ್ಯಾಪ್‌ಟಾಪ್ ಇರುತ್ತದೆ, ಟಚ್‌ಪ್ಯಾಡ್ ಮೇಲೆ ಧೂಳು. ಸಣ್ಣ ಚುಕ್ಕಿಯಿಂದ ಸಣ್ಣ ಚುಕ್ಕಿಗೆ ಗೆರೆ ಎಳೆಯುವುದು ಅಲ್ಲಿ ಹಿಂಸೆ. ಅದರ ಬದಲು ಪ್ರತಿ ಬಾಣದ ಮಧ್ಯೆ ಒಂದು ಕೂಡುವ ಗುರುತು ಇಡಿ. ಒತ್ತಿದರೆ 'ಇಲ್ಲಿ ಯಾವ ಹಂತ ಸೇರಿಸಬೇಕು?' ಅಂತ ಆಯ್ಕೆಗಳ ಪಟ್ಟಿ. ಆರಿಸಿದರೆ ಪೆಟ್ಟಿಗೆ ಅಲ್ಲೇ ಸೇರಿಕೊಂಡು, ಕೆಳಗಿನವು ತಾವೇ ಸರಿಯುತ್ತವೆ. ಹಿಂದಕ್ಕೆ ಹೋಗುವ ದಾರಿಗೆ ಮಾತ್ರ ಪೆಟ್ಟಿಗೆಯ ಸೆಟ್ಟಿಂಗ್‌ನಲ್ಲಿ 'ಯಾವ ಹಂತಕ್ಕೆ ವಾಪಸ್?' ಎಂಬ ಪಟ್ಟಿ. ಹೀಗೆ ಮಾಡಿದರೆ ಜೋಡಣೆ ಇಲ್ಲದೆ ನೇತಾಡುವ ಪೆಟ್ಟಿಗೆ ಹುಟ್ಟುವುದೇ ಇಲ್ಲ. ಫೋನ್‌ನಲ್ಲೂ ಬಳಸಬಹುದು. ಕೀಬೋರ್ಡ್‌ನಲ್ಲೇ ಕೆಲಸ ಮಾಡುವವರಿಗೂ ಆಗುತ್ತದೆ. ಪೆಟ್ಟಿಗೆಯ ಜಾಗ ಉಳಿಸಿಡುವ ತಲೆನೋವೇ ಇಲ್ಲ.

ಜಾಗವನ್ನು ಲೆಕ್ಕ ಹಾಕಲು ಡಾಗ್ರೆ ಅಥವಾ ಎಲ್ಕ್ ಲೈಬ್ರರಿ ಇದೆ. ಎರಡರ ಹಿಂದಿರುವುದೂ ಜಪಾನಿನ ಕೊಜೊ ಸುಗಿಯಾಮಾ ಮತ್ತು ಅವರ ಸಂಗಡಿಗರು 1981ರಲ್ಲಿ ಹೇಳಿದ ಉಪಾಯ. ಪೆಟ್ಟಿಗೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಹಂಚುವುದು, ಆಮೇಲೆ ಪ್ರತಿ ಮೆಟ್ಟಿಲಲ್ಲೂ ಹಿಂದೆ ಮುಂದೆ ಮಾಡಿ ಬಾಣಗಳು ಒಂದನ್ನೊಂದು ಕತ್ತರಿಸುವುದನ್ನು ತಗ್ಗಿಸುವುದು. ಸುತ್ತಿನ ಬಾಣವನ್ನು ಲೆಕ್ಕದ ಹೊತ್ತಿಗೆ ತಿರುಗಿಸಿಟ್ಟು, ಬರೆಯುವಾಗ ಮತ್ತೆ ನೆಟ್ಟಗೆ ಮಾಡುತ್ತಾರೆ. ನಿಮ್ಮ ಕಣದ ಬಾಣವೂ ಹಾಗೇ ಪಕ್ಕದಿಂದ ಮೇಲಕ್ಕೆ ಹೋಗುತ್ತದೆ.

ಹಂತದ ಹೆಸರನ್ನು ಅವರು ಕನ್ನಡದಲ್ಲೇ ಬರೆಯುತ್ತಾರೆ, ಬರೆಯಲಿ. ಆದರೆ ಹೊರಗಿನ ಪಾಠಗಳಲ್ಲಿ ಇದರ ಬಗ್ಗೆ ಒಂದು ಸಾಲೂ ಸಿಗುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಎಸ್‌ವಿಜಿಯ ಅಕ್ಷರ ತಾನಾಗಿ ಮುಂದಿನ ಸಾಲಿಗೆ ಹೋಗುವುದಿಲ್ಲ, ಆದ್ದರಿಂದ ಹೆಸರನ್ನು ಎಚ್‌ಟಿಎಂಎಲ್ ಡಿವ್‌ನಲ್ಲೇ ಇಡಿ. ಸಾಲಿನ ಎತ್ತರ ಜಾಸ್ತಿ ಕೊಡಿ. ಇಂಗ್ಲಿಷಿಗೆ ಸರಿ ಕಾಣುವ ಅಳತೆಯಲ್ಲಿ ನಮ್ಮ ಒತ್ತಕ್ಷರದ ಬುಡ ಕತ್ತರಿಸಿಹೋಗುತ್ತದೆ. ಉದ್ದ ಹೆಸರನ್ನು ಕೋಡ್‌ನಲ್ಲಿ ಇಷ್ಟೇ ಅಕ್ಷರ ಅಂತ ಕತ್ತರಿಸಬೇಡಿ. 'ಕ್ಷ' ನಮ್ಮ ಕಣ್ಣಿಗೆ ಒಂದು ಅಕ್ಷರ, ಜಾವಾಸ್ಕ್ರಿಪ್ಟ್‌ಗೆ ಮೂರು. 'ಪರೀಕ್ಷೆ' ನಡುವೆ ತುಂಡಾಗಿ 'ಪರೀಕ್' ಆಗುತ್ತದೆ. ಕತ್ತರಿಸುವುದನ್ನು ಪುಟದ ಅಲಂಕಾರ ನೋಡುವ ಸಿಎಸ್‌ಎಸ್‌ಗೆ ಬಿಡಿ, ಪೂರ್ತಿ ಹೆಸರು ಒತ್ತಿದಾಗ ಕಾಣಲಿ. ಇನ್ನೊಂದು, ಕನ್ನಡ ಫಾಂಟ್ ಬಂದು ಸೇರುವ ಮೊದಲೇ ಪೆಟ್ಟಿಗೆಯ ಅಳತೆ ತೆಗೆದರೆ ಜೋಡಣೆಯೆಲ್ಲ ಓರೆಯಾಗುತ್ತದೆ. ಫಾಂಟ್ ಬಂತು ಅಂತ ಬ್ರೌಸರ್ ಹೇಳುವವರೆಗೆ ಕಾದು ಆಮೇಲೆ ಲೆಕ್ಕ ಹಾಕಿ.

ನೆಟ್ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಮರ ಬಿದ್ದರೆ ಲೈನ್ ಹೋಯಿತು. ಕರಡು ಮೊದಲು ಬ್ರೌಸರ್‌ನ ಇಂಡೆಕ್ಸ್‌ಡ್‌ಡಿಬಿಯಲ್ಲಿ ಉಳಿಯಲಿ, ನೆಟ್ ಬಂದಾಗ ಸರ್ವರ್‌ಗೆ ಹೋಗಲಿ. ಹೋಗುವಾಗ 'ನಾನು ಇಂಥ ನಂಬರಿನ ಕರಡಿನಿಂದ ಶುರು ಮಾಡಿದ್ದೆ' ಅಂತ ಜೊತೆಗೆ ಹೇಳಲಿ. ಅಷ್ಟರಲ್ಲಿ ಬೇರೆ ಯಾರೋ ಬದಲಾಯಿಸಿದ್ದರೆ ಸರ್ವರ್ ಒಪ್ಪದೆ ಎರಡನ್ನೂ ತೋರಿಸಲಿ. ಸುಮ್ನೆ ಮೇಲೆ ಬರೆದುಬಿಡಬಾರದು. ಇಬ್ಬರು ಒಂದೇ ಹೊತ್ತಿಗೆ ಎಡಿಟ್ ಮಾಡುವ ಸೌಕರ್ಯ ನಿಮಗೆ ಬೇಡವೇ ಬೇಡ. ಅನ್‌ಡೂ ಸುಲಭ, ಜೇಸನ್ ಚಿಕ್ಕದು. ಪ್ರತಿ ಬದಲಾವಣೆಗೂ ಒಂದು ಪೂರ್ತಿ ಪ್ರತಿ ಇಟ್ಟುಕೊಂಡು, ಕೊನೆಯ ಐವತ್ತನ್ನು ಉಳಿಸಿಕೊಂಡರೆ ಆಯಿತು.

ಇನ್ನು ನಾನು ಎಲ್ಲಕ್ಕಿಂತ ಇಷ್ಟಪಡುವ ಭಾಗ. ಕರಡನ್ನು ಜಾರಿ ಮಾಡುವ ಮೊದಲು 'ಹೋದ ಸೀಸನ್‌ನ ಲಾಟ್ ಓಡಿಸಿ ನೋಡು' ಎಂಬ ಬಟನ್ ಇಡಿ. ಹಳೆಯ ಲಾಟ್‌ಗಳ ತೂಕ, ತೇವಾಂಶ, ಔಟ್‌ಟರ್ನ್ ಎಲ್ಲ ನಿಮ್ಮ ಡೇಟಾಬೇಸ್‌ನಲ್ಲಿ ಈಗಾಗಲೇ ಇದೆ. ಅವನ್ನು ಕರಡಿನ ದಾರಿಯಲ್ಲಿ ಸುಳ್ಳು ಸುಳ್ಳೇ ಓಡಿಸಿ. ಯಾರಿಗೂ ಮೆಸೇಜ್ ಹೋಗಬಾರದು, ಪಾವತಿ ಪಟ್ಟಿಗೆ ಏನೂ ಸೇರಬಾರದು. ಕೊನೆಗೆ ಪರದೆಯಲ್ಲಿ ಬಾಣಗಳ ಮೇಲೆ ಎಷ್ಟು ಲಾಟ್ ಹೋದವು ಅಂತ ಅಂಕಿ ಬರಲಿ, ಮೊದಲಿಗಿಂತ ಬೇರೆ ದಾರಿ ಹಿಡಿದ ಲಾಟ್‌ಗಳ ಪಟ್ಟಿ ಬರಲಿ. ಮ್ಯಾನೇಜರ್ ತೇವಾಂಶದ ಮಿತಿಯನ್ನು ಅರ್ಧ ಪಾಯಿಂಟ್ ಇಳಿಸಿದರೆ ಎಷ್ಟು ಜನರ ಮಾಲು ವಾಪಸ್ ಹೋಗುತ್ತಿತ್ತು ಎನ್ನುವುದು ಹೆಸರು ಸಮೇತ ಕಣ್ಣ ಮುಂದೆ ನಿಲ್ಲುತ್ತದೆ. ಅವರು ಆ ಪಟ್ಟಿ ಓದಿ, ಮಿತಿಯನ್ನು ಮತ್ತೆ ಮೇಲೇರಿಸುವುದನ್ನು ನಾನು ಪಕ್ಕದಲ್ಲಿ ಕೂತು ನೋಡಿದ್ದೇನೆ. ಎಂಜಿನ್ ಮೊದಲು ಬರೆಯಿರಿ ಅಂತ ನಾನು ಹಟ ಮಾಡುವುದಕ್ಕೆ ಇದೂ ಒಂದು ಕಾರಣ. ಷರತ್ತು ನೋಡಿ ದಾರಿ ಆರಿಸುವ ಕೋಡ್ ಹೊರಗಿನ ಕೆಲಸಗಳಿಂದ ಬೇರೆಯಾಗಿ ಇದ್ದರೆ ಮಾತ್ರ ಈ ಬಟನ್ ಸಾಧ್ಯ. ಎರಡನ್ನೂ ಕಲಸಿ ಬರೆದಿದ್ದರೆ ಓಡಿಸಿ ನೋಡಲು ಹೋಗಿ ನಿಜವಾಗಿಯೇ ಮೆಸೇಜ್ ಕಳಿಸಿಬಿಡುತ್ತೀರಿ.

ಸಮಯದ ಬಗ್ಗೆ ಕೇಳಿದ್ದೀರಿ. ಮೊದಲು ಪರದೆ ಇಲ್ಲದೆ, ಕೈಯಲ್ಲಿ ಬರೆದ ಜೇಸನ್‌ನಿಂದಲೇ ಎಂಜಿನ್ ಓಡಲಿ. ಅಷ್ಟಕ್ಕೇ ನಿಮಗೆ ಕೋಡ್ ತಿದ್ದುವ ಫೋನ್ ಅರ್ಧ ಕಡಿಮೆಯಾಗುತ್ತದೆ. ಆಮೇಲೆ ನೋಡಲು ಮಾತ್ರ ಆಗುವ ಚಿತ್ರ: ಯಾವ ಲಾಟ್ ಎಲ್ಲಿದೆ ಅಂತ ತೋರಿಸುವುದು. ಆಮೇಲೆ ಮಿತಿ, ಒಪ್ಪಿಗೆ ಕೊಡುವವರ ಹೆಸರು, ಇಂಥ ಸೆಟ್ಟಿಂಗ್ ಬದಲಾಯಿಸುವುದು. ನಿಮ್ಮ ಪ್ರತಿ ಸೀಸನ್‌ನ ಬದಲಾವಣೆಗಳ ಪಟ್ಟಿ ತೆಗೆದು ನೋಡಿ, ಹೆಚ್ಚಿನವು ಇಲ್ಲೇ ಮುಗಿಯುತ್ತವೆ. ಹಂತ ಸೇರಿಸುವ, ತೆಗೆಯುವ ಸೌಕರ್ಯ ಕೊನೆಗೆ.

ದಕ್ಷಿಣ ಕೊಡಗಿನಲ್ಲಿ ರೊಬಸ್ಟಾನೇ ಜಾಸ್ತಿ, ಅರೇಬಿಕಾ ಕಡಿಮೆ. ಅದು ನಿಮಗೆ ಅನುಕೂಲ. ನವೆಂಬರ್ ಕೊನೆಗೆ ಅರೇಬಿಕಾ ಬರಲು ಶುರುವಾದಾಗ ಅದೊಂದನ್ನೇ ಹೊಸ ಎಂಜಿನ್‌ನಲ್ಲಿ ಓಡಿಸಿ. ಲಾಟ್ ಕಡಿಮೆ, ತಪ್ಪಾದರೆ ಕೈಯಲ್ಲಿ ಸರಿಪಡಿಸಬಹುದು. ರೊಬಸ್ಟಾ ಮತ್ತು ಮೆಣಸು ಹಳೆಯ ಕೋಡ್‌ನಲ್ಲೇ ಇರಲಿ. ಅರೇಬಿಕಾ ಒಂದು ತಿಂಗಳು ತೊಂದರೆ ಕೊಡದೆ ಸಾಗಿದರೆ ರೊಬಸ್ಟಾವನ್ನೂ ತನ್ನಿ. ಸಾಗದಿದ್ದರೆ ಮುಂದಿನ ವರ್ಷಕ್ಕೆ ಬಿಡಿ, ಅದರಲ್ಲಿ ಸೋಲೇನಿಲ್ಲ. ಮತ್ತೆ, ಜನವರಿ ಫೆಬ್ರವರಿಯಲ್ಲಿ ಚೀಲ ತುಂಬಿದ ಜೀಪು, ಪಿಕಪ್‌ಗಳು ಗೇಟಿನ ಹೊರಗೆ ಸಾಲು ನಿಲ್ಲುವ ಹೊತ್ತಿಗೆ, 'ಜಾರಿ ಮಾಡು' ಬಟನ್ ಹಗಲು ಹೊತ್ತು ಕೆಲಸ ಮಾಡದ ಹಾಗೆ ಇಡಿ. ಕೊನೆಯ ಗಾಡಿಯ ತೂಕ ಮುಗಿದು, ದಿನದ ಲೆಕ್ಕ ಮುಚ್ಚಿದ ಮೇಲೆ ಅದು ತೆರೆಯಲಿ.